ಹಿತ್ತಲ ಕೈತೋಟ: ಹೊಸಬರು ಮೊದಲ ವರ್ಷ ತಿಳಿಯತಕ್ಕ ವಿಷಯಗಳು

ಎಕರೆಗಟ್ಟಲೆ ಜಮೀನುಳ್ಳ ಮನೆಗಳಲ್ಲಿಯೂ ಸಂತೆಯ ದಿನ ಕಳೆದ ಮೇಲೆ ಸಾರಿಗೆ ಸೊಪ್ಪು ದೊರೆಯದಿರುವುದುಂಟು. ಈ ಕೊರತೆಯು ನಾಲಗೆಯ ರುಚಿಗೆ ಮಾತ್ರ ಸಂಬಂಧಪಟ್ಟುದಲ್ಲ. ಆಹಾರದಲ್ಲಿ ಎ ಅನ್ನಾಂಗವು ಸಾಲದೆ ಹೋದರೆ ಮಕ್ಕಳಿಗೆ ಇರುಳುಗಣ್ಣು ಬರುವುದು. ಅದು ಬಲಿತಲ್ಲಿ ದೃಷ್ಟಿಯೇ ಹೋಗುವ ಸಂಭವವುಂಟು. ಈ ಅನ್ನಾಂಗವನ್ನು ಒದಗಿಸುವ ದಂಟು, ನುಗ್ಗೆ, ಮೆಂತ್ಯದ ಸೊಪ್ಪುಗಳು ಹಿತ್ತಲಲ್ಲಿಯೇ ಸುಲಭವಾಗಿ ಬೆಳೆಯುವುವು. ಆದುದರಿಂದ ಕೈತೋಟವನ್ನು ಬಿಡುವಿನ ವಿನೋದವೆಂದೆಣಿಸದೆ ಮನೆಯ ಆರೋಗ್ಯಕ್ಕೆ ಆಧಾರವೆಂದು ತಿಳಿಯತಕ್ಕದ್ದು.

ಹೊಲದಲ್ಲಿ ನುರಿತ ರೈತನೂ ಹಿತ್ತಲ ಬೇಸಾಯಕ್ಕೆ ಹೊಸಬನಾಗಿರಬಹುದು. ಹೊಸಬರ ತೋಟವು ಹೆಚ್ಚಾಗಿ ಕೆಡುವುದು ಅತಿಯಿಂದ: ಮೊದಲಿಗೇ ಹೆಚ್ಚು ನೆಲ, ಆಳವಾದ ಬಿತ್ತನೆ, ಹಸಿ ಗೊಬ್ಬರ, ಮಿತಿಮೀರಿದ ನೀರು. ಈ ನಾಲ್ಕನ್ನು ಬಿಟ್ಟವನು ಅರ್ಧ ಕೆಲಸವನ್ನು ಕಲಿತಂತೆಯೇ.

ನೆಲ ಮತ್ತು ಮಡಿ.— ದಿನಕ್ಕೆ 6 ಗಂಟೆಗಳಾದರೂ ಬಿಸಿಲು ಬೀಳುವ ಸ್ಥಳವನ್ನು ಆರಿಸಬೇಕು. ದೊಡ್ಡ ಮರಗಳ ಬೇರು ಹರಿದ ನೆಲವು ತಕ್ಕದ್ದಲ್ಲ. ಕೋಳಿ, ಮೇಕೆಗಳು ನುಗ್ಗದಂತೆ ಬಿತ್ತನೆಗೆ ಮುಂಚೆಯೇ ಬೇಲಿ ಕಟ್ಟಬೇಕು. ಮೊದಲ ವರ್ಷಕ್ಕೆ 10 ಅಡಿ ಉದ್ದ, 4 ಅಡಿ ಅಗಲದ ನಾಲ್ಕು ಮಡಿಗಳು ಸಾಕು. ಅಗಲವು ಇದಕ್ಕಿಂತ ಹೆಚ್ಚಾದರೆ ಮಡಿಯನ್ನು ತುಳಿಯದೆ ನಡುವಿನ ಕಳೆಗೆ ಕೈ ಎಟುಕದು. ಒಂದು ಅಡಿ ಆಳಕ್ಕೆ ಅಗೆದು, ಹೆಂಟೆಯೊಡೆದು, ಮಡಿಗೆ ಎರಡು ಮಂಕರಿಯಂತೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಬೆರೆಸಬೇಕು. ಹಸಿ ಸಗಣಿಯು ಮಣ್ಣಿನಲ್ಲಿ ಕೊಳೆಯುವಾಗ ಬಿಸಿಯೇರಿ ಎಳೆಯ ಬೇರುಗಳನ್ನು ಕೆಡಿಸುವುದು.

ಬಿತ್ತನೆ.— ಬೀಜವನ್ನು ಅದರ ದಪ್ಪದ ಎರಡು ಮೂರರಷ್ಟು ಆಳಕ್ಕೆ ಮಾತ್ರ ಹಾಕಬೇಕು. ಬೆಂಡೆ, ಹುರುಳಿಕಾಯಿಗಳಿಗೆ ಒಂದು ಅಂಗುಲದೊಳಗೆ ಸಾಕು. ದಂಟಿನ ಬೀಜವನ್ನು ನಾಲ್ಕರಷ್ಟು ಮರಳಿನೊಡನೆ ಬೆರೆಸಿ ಎರಚಿ, ಮೇಲೆ ಪುಡಿಮಣ್ಣನ್ನು ತೆಳ್ಳಗೆ ಉದುರಿಸಬೇಕು. ಆಳಕ್ಕೆ ಬಿದ್ದ ಸಣ್ಣ ಬೀಜವು ಮೇಲೇಳಲಾರದೆ ಸಾಯುವುದು. ಬಿತ್ತಿದವನು ಬೀಜವೇ ಜೊಳ್ಳೆಂದು ದೂರುವನು. ಸೊಪ್ಪು ಬಿತ್ತಿದ 25–30 ದಿನಗಳಲ್ಲಿಯೇ ಕೈಗೆ ಬರುವುದರಿಂದ ಕಲಿಯುವವರು ಅದರಿಂದಲೇ ಆರಂಭಿಸುವುದು ಲೇಸು.

ಬದನೆ, ಮೆಣಸಿನಕಾಯಿ, ಟೊಮೆಟೊಗಳನ್ನು ಮೊದಲು ಒಟ್ಟಲಿನಲ್ಲಿ ಬಿತ್ತಿ, ಸಸಿಗಳು ನಾಲ್ಕೈದು ವಾರ ಬೆಳೆದ ಮೇಲೆ ಸಂಜೆಯ ತಂಪಿನಲ್ಲಿ ನೆಡಬೇಕು. ಬದನೆಗೆ 2 ಅಡಿ, ಮೆಣಸಿನ ಗಿಡಕ್ಕೆ 1½ ಅಡಿ ಅಂತರವಿರಲಿ. ಒಟ್ಟಲಿನಲ್ಲಿ ಒತ್ತಾಗಿ ಬಿತ್ತಿ ಸದಾ ಒದ್ದೆಯಾಗಿಟ್ಟರೆ ಸಸಿಗಳು ಬುಡ ಕೊಳೆತು ಮಲಗುವುವು.

ಕಾಲ.— ಬೆಳೆಗೆ ಕಾಲವರಿಯುವುದೂ ಮುಖ್ಯ. ನಾಟಿ ಅವರೆಯು ಹಗಲು ಮೋಟಾದಾಗ ಮಾತ್ರ ಹೂ ಬಿಡುವುದು. ಅಕಾಲದಲ್ಲಿ ಬಿತ್ತಿದರೆ ಬಳ್ಳಿ ಹಬ್ಬುವುದೇ ಹೊರತು ಕಾಯಿ ಕಾಣದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹೊರತಂದ ಹೆಬ್ಬಾಳ ಅವರೆಯ ತಳಿಗಳಿಗೆ ಈ ನಿರ್ಬಂಧವಿಲ್ಲ.

ನೀರು.— ಮಣ್ಣಿನೊಳಗೆ ಒಂದು ಅಂಗುಲ ಬೆರಳಿಟ್ಟು ನೋಡಿ, ಒಣಗಿದ್ದರೆ ಮಾತ್ರ ನೀರು ಕೊಡತಕ್ಕದ್ದು. ದಿನದಿನವೂ ಮೇಲೆ ಚಿಮುಕಿಸುವುದಕ್ಕಿಂತ ಒಮ್ಮೆ ಬೇರಿನವರೆಗೆ ಇಳಿಯುವಂತೆ ಹಾಯಿಸುವುದು ಮೇಲು. ಬಚ್ಚಲ ನೀರನ್ನು ಬಾಳೆ, ನುಗ್ಗೆ, ತೆಂಗುಗಳ ಬುಡಕ್ಕೆ ತಿರುಗಿಸಬಹುದು. ಸೋಪು ಬೆರೆತ ಆ ನೀರನ್ನು ಸೊಪ್ಪಿನ ಮಡಿಗೆ ಬಿಡಬಾರದು. ಅದು ಎಲ್ಲಿಯೂ ನಿಲ್ಲದಂತೆ ನೋಡಿಕೊಂಡರೆ ಸೊಳ್ಳೆಯ ಕಾಟವೂ ತಗ್ಗುವುದು.

ಹೂವು.— ದೇವರ ಪೂಜೆಗೂ ಮುಡಿಗೂ ಬೇಕಾದ ಹೂವುಗಳನ್ನು ಮಡಿಯ ಅಂಚಿನಲ್ಲಿ ಬೆಳೆಯಬಹುದು. ಸೇವಂತಿಗೆಯ ಮೋಸುಗಳನ್ನು ಮಳೆಗಾಲದಲ್ಲಿ ನೆಟ್ಟರೆ ಚಳಿಗಾಲಕ್ಕೆ ಹೂ ಬಿಡುವುವು. ಮಲ್ಲಿಗೆಯನ್ನು ಡಿಸೆಂಬರ್ ಸುಮಾರಿಗೆ ಸವರಿದರೆ ಬೇಸಗೆಯ ಮೊಗ್ಗು ತುಂಬಿ ಬರುವುದು. ಚೆಂಡು ಹೂವಿನ ಉಪಕಾರ ಇಮ್ಮಡಿ: ಟೊಮೆಟೊ ಕಾಯಿಕೊರಕದ ಪತಂಗವು ಅದರ ಹೂವಿಗೆ ಮನಸೋತು ಅಲ್ಲಿಯೇ ಮೊಟ್ಟೆಯಿಡುವುದು. 25 ದಿನಗಳ ಟೊಮೆಟೊ ಸಸಿಯೊಡನೆ 40 ದಿನಗಳ ಚೆಂಡು ಸಸಿಯನ್ನು ನೆಟ್ಟಲ್ಲಿ ಎರಡೂ ಒಂದೇ ಕಾಲಕ್ಕೆ ಹೂ ಬಿಡುವುವು.

ಹುಳು ಮತ್ತು ರೋಗ.— ಬದನೆಯ ಕುಡಿ ಬಾಡಿದ್ದು ಕಂಡರೆ ಒಳಗೆ ಹುಳುವಿರುವುದು. ಅದನ್ನು ಚಿವುಟಿ ಸುಡಬೇಕು. ಬೆಂಡೆಯ ಎಲೆಯ ನರಗಳು ಹಳದಿಯಾದರೆ ಆ ಗಿಡಕ್ಕೆ ಮದ್ದಿಲ್ಲ. ಬಿಳಿನೊಣಗಳು ರೋಗವನ್ನು ಹರಡುವ ಮೊದಲೇ ಕಿತ್ತು ನಾಶಮಾಡಬೇಕು. ಸಸ್ಯಹೇನು ಮೊದಲಾದುವಕ್ಕೆ ಲೀಟರು ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ರಾತ್ರಿ ನೆನೆಹಾಕಿ, ಸೋಸಿ, ಚೂರು ಸೋಪು ಕದಡಿ ಸಂಜೆ ಸಿಂಪಡಿಸುವುದು. ಮನೆಮಂದಿ ತಿನ್ನುವ ಸೊಪ್ಪಿಗೆ ಹೊಲದ ವಿಷದೌಷಧಿಗಳನ್ನು ಎಂದಿಗೂ ತಾಗಿಸಬಾರದು.

ಬೀಜ.— ತಿಂದು ಮಿಕ್ಕ ಕಡೆಯ ಕಾಯಿಯನ್ನು ಬೀಜಕ್ಕೆ ಬಿಡುವುದು ತಪ್ಪು. ಆರಂಭದಲ್ಲಿಯೇ ಒಳ್ಳೆಯ ಗಿಡವೊಂದಕ್ಕೆ ದಾರ ಕಟ್ಟಿ ಗುರುತಿಟ್ಟು, ಅದರ ಕಾಯಿಯನ್ನು ಪೂರಾ ಬಲಿಯಲು ಬಿಟ್ಟು, ಬೀಜವನ್ನು ನೆರಳಿನಲ್ಲಿ ಒಣಗಿಸಿಡಬೇಕು. ಹೈಬ್ರಿಡ್ ತಳಿಯ ಬೀಜದಿಂದ ತಾಯಿಗಿಡದ ಗುಣವೇ ಬರುವುದೆಂಬ ಭರವಸೆಯಿಲ್ಲ.

ಗ್ರಾಮದ ಮುಖಂಡರು ತಮ್ಮ ಹಿತ್ತಲಲ್ಲಿ ಒಂದು ಒಟ್ಟಲು ಹಾಕಿದರೆ ಕೇರಿಯ ಹಲವು ಮನೆಗಳಿಗೆ ಸಸಿ ಒದಗುವುದು. ಹೇಳಿಕೆಯ ಮಾತಿಗಿಂತ ಕಣ್ಣೆದುರಿನ ಒಂದು ಹಸುರು ಮಡಿಯು ನೆರೆಯವರಿಗೆ ಹೆಚ್ಚು ಕಲಿಸುವುದು. ನಾಲ್ಕು ಮಡಿಗಳನ್ನು ವರ್ಷವಿಡೀ ಬರಿದಾಗದಂತೆ ನಡೆಸಿದ ಮೇಲೆಯೇ ಐದನೆಯದಕ್ಕೆ ಗುದ್ದಲಿ ಹಾಕತಕ್ಕದ್ದು.