ಮಾಳಿಗೆಯ ಸೋಲಾರ್‌ಗೆ ಸಿಡಿಲಿನಿಂದ ರಕ್ಷಣೆ ಇದೆಯೇ?

ಕರಾವಳಿಯ ಮೇ ತಿಂಗಳ ಸಂಜೆಗಳು ನಿಮಗೆ ಗೊತ್ತೇ ಇವೆ. ಅಸರ್ ಹೊತ್ತಿಗೆ ಕಪ್ಪು ಮೋಡ, ಮಗ್ರಿಬ್ ಆಗುವಷ್ಟರಲ್ಲಿ ಗುಡುಗು ಸಿಡಿಲು. ಟಿ.ವಿ., ಫ್ರಿಜ್‌ಗಳ ಪ್ಲಗ್ ಕೀಳಲು ನೀವು ಓಡುತ್ತೀರಿ. ಆದರೆ ಮಾಳಿಗೆಯ ಮೇಲಿರುವ ಸೋಲಾರ್‌ನ ಪ್ಲಗ್ ಕೀಳುವವರಾರು?

ಕಳೆದ ವರ್ಷ ನಮ್ಮ ಮನೆಯಲ್ಲೇ ನಡೆದ ಸಂಗತಿ. ಸಿಡಿಲು ಬಡಿದದ್ದು ಮನೆಗಲ್ಲ, ಗದ್ದೆಯಾಚೆಗಿನ ತೆಂಗಿನ ಮರಕ್ಕೆ. ಬೆಳಿಗ್ಗೆ ನೋಡಿದರೆ ಸೋಲಾರ್ ಇನ್ವರ್ಟರ್ ಸತ್ತು ಹೋಗಿತ್ತು. ರಿಪೇರಿಗೆ ಬಂದವನು ಪಕ್ಕದ ಪೆಟ್ಟಿಗೆಯನ್ನು ತೆರೆದು ತೋರಿಸಿದ. ಒಳಗೆ ಸರ್ಜ್ ಪ್ರೊಟೆಕ್ಟರ್ ಇತ್ತು, ಆದರೆ ಅದರಿಂದ ಭೂಮಿಗೆ ಹೋಗಬೇಕಾದ ತಂತಿಯನ್ನೇ ಜೋಡಿಸಿರಲಿಲ್ಲ! ಸಿಡಿಲಿನ ಹಾನಿ ವಾರಂಟಿಯಲ್ಲಿ ಸೇರುವುದಿಲ್ಲವೆಂಬ ಉತ್ತರವೂ ಬಂತು. ಅಳವಡಿಸಿದ ದಿನ ನಾನು ಶಾಲೆಯಲ್ಲಿದ್ದೆ. ಮನೆಯಲ್ಲಿದ್ದ ಪತ್ನಿಗೆ ಏನು ನೋಡಬೇಕೆಂದು ನಾನು ಹೇಳಿರಲಿಲ್ಲ, ನನಗೇ ಗೊತ್ತಿರಲಿಲ್ಲ. ಗಂಡಸರು ಅಂಗಡಿಯಲ್ಲೋ ಗಲ್ಫ್‌ನಲ್ಲೋ ಇರುವಾಗ ಕೆಲಸದವರ ಮುಂದೆ ನಿಲ್ಲುವವರು ನೀವೇ ತಾನೇ?

2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಪಿ.ಎಂ. ಸೂರ್ಯ ಘರ್ ಯೋಜನೆಯನ್ನು ಆರಂಭಿಸಿ, 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಘೋಷಿಸಿತು. ಆ ಬಳಿಕ ಮನೆಗಳಿಗೆ ಸೋಲಾರ್ ಹಾಕಿಸುವವರು ಹೆಚ್ಚಿದ್ದಾರೆ. ಎಲ್ಲರೂ ಕೇಳುವುದು ಬಿಲ್ ಎಷ್ಟು ಉಳಿಯುತ್ತದೆಂದು ಮಾತ್ರ.

ಸಿಡಿಲು ನೂರಾರು ಮೀಟರ್ ದೂರದಲ್ಲಿ ಬಿದ್ದರೂ ಮಾಳಿಗೆಯ ಉದ್ದ ತಂತಿಗಳಲ್ಲಿ ಕ್ಷಣಮಾತ್ರಕ್ಕೆ ಸಾವಿರಾರು ವೋಲ್ಟ್ ಹುಟ್ಟಬಹುದು. ಇದನ್ನೇ ಸರ್ಜ್ ಎನ್ನುವುದು. ಎಂ.ಸಿ.ಬಿ. ಇದೆಯಲ್ಲ ಎಂದು ನೀವು ಕೇಳಬಹುದು. ಅದು ಬೀಳುವಷ್ಟರಲ್ಲಿ ಸರ್ಜ್ ತನ್ನ ಕೆಲಸ ಮುಗಿಸಿರುತ್ತದೆ. ಮಾಳಿಗೆಯ ಸಿಡಿಲು ಕಂಬವೂ ಸಾಲದು. ಅದು ಮನೆಗೆ ಬಡಿಯುವ ಸಿಡಿಲನ್ನು ನೆಲಕ್ಕಿಳಿಸುತ್ತದೆಯೇ ಹೊರತು ತಂತಿಯೊಳಗೆ ಹುಟ್ಟುವ ಸರ್ಜನ್ನು ತಡೆಯುವುದಿಲ್ಲ. ಕಂಬವಿದ್ದ ಮನೆಗೆ ಇನ್ನೂ ಬಲವಾದ, ಟೈಪ್ 1 ದರ್ಜೆಯ ಪ್ರೊಟೆಕ್ಟರ್ ಬೇಕು. ಉಳಿದ ಮನೆಗಳಿಗೆ ಸಾಮಾನ್ಯವಾಗಿ ಟೈಪ್ 2 ಸಾಕು.

ಪ್ರೆಶರ್ ಕುಕ್ಕರ್‌ನ ಸೇಫ್ಟಿ ವಾಲ್ವ್ ನೆನಪಿಸಿಕೊಳ್ಳಿ. ಎಲ್ಲವೂ ಸರಿಯಿರುವಾಗ ಅದು ಸುಮ್ಮನಿರುತ್ತದೆ. ಒತ್ತಡ ಮಿತಿಮೀರಿದಾಗ ದಾರಿ ಬಿಟ್ಟು ಕುಕ್ಕರನ್ನು ಉಳಿಸುತ್ತದೆ. ಸರ್ಜ್ ಪ್ರೊಟೆಕ್ಟರ್ ಕೂಡಾ ಹಾಗೆಯೇ, ಹೆಚ್ಚಿನ ವೋಲ್ಟೇಜನ್ನು ಭೂಮಿಗೆ ಹರಿಸುತ್ತದೆ. ಸಣ್ಣಪುಟ್ಟ ಸರ್ಜ್‌ಗಳನ್ನು ಹಲವು ಬಾರಿ ತಡೆದುಕೊಂಡು ಒಂದು ದಿನ ತಾನೇ ಕೆಡುತ್ತದೆ. ಹಾಗಾಗಿಯೇ ಅದರಲ್ಲೊಂದು ಪುಟ್ಟ ಕಿಟಕಿಯಿದೆ. ಹಸಿರಿದ್ದರೆ ಸರಿ, ಕೆಂಪಾದರೆ ಒಳಗಿನ ತುಂಡನ್ನು ಬದಲಾಯಿಸಬೇಕು. ಪ್ರತಿ ಗುಡುಗಿನ ಮಳೆಯ ಮರುದಿನ ಒಮ್ಮೆ ಇಣುಕಿ ನೋಡಿ. ಆದರೆ ನಮ್ಮ ಮನೆಯಲ್ಲಿ ಭೂಮಿಯ ತಂತಿಯೇ ಇಲ್ಲದಿದ್ದರೂ ಕಿಟಕಿ ಹಸಿರಾಗಿಯೇ ಇತ್ತು, ಅದನ್ನೂ ಮರೆಯಬೇಡಿ.

ಅಳವಡಿಸಲು ಬಂದವರೊಡನೆ ಧೈರ್ಯವಾಗಿ ಕೇಳಿ. ಫಲಕದ ಕಡೆಗೆ ಡಿ.ಸಿ. ಪ್ರೊಟೆಕ್ಟರ್, ಮನೆಯ ಕರೆಂಟಿನ ಕಡೆಗೆ ಎ.ಸಿ. ಪ್ರೊಟೆಕ್ಟರ್, ಎರಡೂ ಇವೆಯೇ? ಒಂದರ ಬದಲು ಇನ್ನೊಂದನ್ನು ಹಾಕುವಂತಿಲ್ಲ. ಫಲಕದಿಂದ ಇನ್ವರ್ಟರ್‌ಗೆ ತಂತಿಯ ದೂರ 10 ಮೀಟರ್ ದಾಟಿದರೆ ಡಿ.ಸಿ. ಪ್ರೊಟೆಕ್ಟರ್ ಎರಡೂ ತುದಿಗಳಲ್ಲಿ ಬೇಕು. ಎರಡು ಮೂರು ಮಹಡಿಯ ಮನೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ಪ್ರೊಟೆಕ್ಟರ್‌ನ ಜೋಡಣೆಯ ತಂತಿಗಳು ಎಲ್ಲಾ ಸೇರಿ ಅರ್ಧ ಮೀಟರ್ ಮೀರದಿದ್ದರೆ ಒಳ್ಳೆಯದು. ಸುರುಳಿ ಸುತ್ತಿಟ್ಟ ತಂತಿ ಕಂಡರೆ ಒಪ್ಪಬೇಡಿ. ಅರ್ತಿಂಗ್ ಅನ್ನು ಮೀಟರ್ ಹಿಡಿದು ಅಳೆದು ತೋರಿಸಲು ಹೇಳಿ, 5 ಓಮ್‌ಗಿಂತ ಕಡಿಮೆ ಇರಲಿ.

ಇದನ್ನೆಲ್ಲ ಓದಿ ನೀವೇ ಸ್ಕ್ರೂಡ್ರೈವರ್ ಹಿಡಿಯಬೇಡಿ. ಮೈನ್ ಸ್ವಿಚ್ ಆರಿಸಿದರೂ ಬಿಸಿಲಿರುವ ತನಕ ಫಲಕದಿಂದ ನೂರಾರು ವೋಲ್ಟ್ ಬರುತ್ತಲೇ ಇರುತ್ತದೆ. ಗುಡುಗು ಕೇಳಿಸಿದ ಮೇಲೆ ಒಣಗಿಸಿದ ಬಟ್ಟೆ ತರಲೆಂದೂ ಮಾಳಿಗೆ ಹತ್ತಬೇಡಿ. ನೇರವಾಗಿ ಬಡಿಯುವ ಸಿಡಿಲಿನಿಂದ ಯಾವ ಪ್ರೊಟೆಕ್ಟರ್ ಕೂಡಾ ಮನುಷ್ಯರನ್ನು ಕಾಯುವುದಿಲ್ಲ.

ಇನ್ನೊಂದು ಮಾತು. ನಮ್ಮ ಕಡೆಯ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗುತ್ತದೆ. ಒಣ ಮಣ್ಣಿನಲ್ಲಿ ಅರ್ತಿಂಗ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಮೊದಲ ಗುಡುಗು ಬರುವುದಾದರೋ ನೆಲ ಹೀಗೆ ಒಣಗಿರುವಾಗಲೇ. ಮಾರ್ಚ್‌ನಿಂದ ಮಳೆ ಹಿಡಿಯುವ ತನಕ ವಾರಕ್ಕೆರಡು ಬಾರಿ ಆ ಗುಂಡಿಗೆ ಎರಡು ಕೊಡ ನೀರು ಸುರಿಯಿರಿ. ಅಕ್ಕಿ ತೊಳೆದ ನೀರಾದರೂ ನಡೆಯುತ್ತದೆ.