ಮುಪ್ಪಿನ ದನಗಳ ಬಾಯಿಯ ಆರೋಗ್ಯ

ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದವರು ಮೊದಲು ನೋಡುವುದು ಅದರ ಬಾಯಿಯನ್ನು. ಕೆಳತುಟಿಯನ್ನು ಸರಿಸಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂದು ಎಣಿಸಿ ಬೆಲೆ ಕಟ್ಟುತ್ತಾರೆ. ಆದರೆ ಮನೆಗೆ ತಂದು ಹತ್ತು ವರ್ಷ ದುಡಿಸಿದ ಮೇಲೆ ಅದೇ ಬಾಯಿಯನ್ನು ಮತ್ತೊಮ್ಮೆ ತೆರೆದು ನೋಡುವವರು ವಿರಳ. ಮುದಿ ಎತ್ತೋ ಹಸುವೋ ಮೇವು ಬಿಟ್ಟು ಬಡವಾದರೆ 'ವಯಸ್ಸಾಯಿತು' ಎಂದು ಸುಮ್ಮನಾಗುತ್ತೇವೆ. ಅನೇಕ ಸಲ ಅದು ಬಡವಾಗಿರುವುದು ವಯಸ್ಸಿನಿಂದಲ್ಲ, ಅಗಿಯಲಾರದ ನೋವಿನಿಂದ.

ದನಕ್ಕೆ ಒಟ್ಟು 32 ಹಲ್ಲುಗಳು. ಮುಂದಿನ 8 ಹಲ್ಲುಗಳು ಕೆಳಗಡೆ ಮಾತ್ರ ಇರುತ್ತವೆ; ಮೇಲ್ಗಡೆ ಗಟ್ಟಿಯಾದ ಒಸಡು. ಉಳಿದ 24 ದವಡೆ ಹಲ್ಲುಗಳು. ಸುಮಾರು ಐದನೆಯ ವರ್ಷಕ್ಕೆ ಬಾಯಿ ಗೂಡುತ್ತದೆ, ಅನಂತರ ಸವೆತ ಆರಂಭ. ಹತ್ತು ಹನ್ನೆರಡು ವರ್ಷಕ್ಕೆ ಮುಂಬಲ್ಲುಗಳು ಮೋಟಾಗಿ, ಸಂದು ಬಿಟ್ಟು, ಕೆಲವು ಅಲುಗಾಡುತ್ತವೆ. ಮಣ್ಣು ಮರಳು ಬೆರೆತ ಮೇವು ಈ ಸವೆತವನ್ನು ಹೆಚ್ಚಿಸುತ್ತದೆ. ಪಾವಗಡದ ಕಡೆಯಂತೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಧಿಕವಿರುವಲ್ಲಿ ದನಗಳ ಹಲ್ಲೂ ಕಂದು ಬಣ್ಣಕ್ಕೆ ತಿರುಗಿ ಬೇಗ ಸವೆಯಬಹುದು. ದವಡೆ ಹಲ್ಲುಗಳ ತೊಂದರೆಯೇ ಬೇರೆ: ಅವು ಓರೆಯಾಗಿ ಸವೆದು ಅಂಚು ಹರಿತವಾಗಿ ಕೆನ್ನೆಯ ಒಳಭಾಗವನ್ನೂ ನಾಲಿಗೆಯನ್ನೂ ಕೊಯ್ಯುತ್ತವೆ. ಕುಣಿಗಲ್ಲಿನ ಫಾರಂನಿಂದಾಗಿ ಕುದುರೆ ಸಾಕಣೆಯನ್ನು ಕಂಡವರಿಗೆ ಇದು ಹೊಸದಲ್ಲ. ಕುದುರೆಗೆ ಕಾಲಕಾಲಕ್ಕೆ ಅರ ಹಾಕಿ ಹಲ್ಲಿನ ಅಂಚನ್ನು ಉಜ್ಜಿಸುವುದು ವಾಡಿಕೆ. ದನಕ್ಕೂ ಪಶುವೈದ್ಯರು ಹಾಗೆ ಮಾಡಬಲ್ಲರು. ಕೇಳುವವರು ಕಡಿಮೆ, ಅಷ್ಟೆ.

ಗೋದಲಿಯನ್ನು ಗಮನಿಸಿದರೆ ರೋಗ ಅರ್ಧ ತಿಳಿಯುತ್ತದೆ. ಅರೆಬರೆ ಅಗಿದ ಹುಲ್ಲು ಉಂಡೆಯಾಗಿ ಕೆಳಗೆ ಬಿದ್ದಿದೆಯೇ? ಒಂದೇ ಮಗ್ಗುಲಲ್ಲಿ ತಲೆ ಓರೆ ಮಾಡಿ ಅಗಿಯುತ್ತದೆಯೇ? ತಣ್ಣೀರು ಕುಡಿಯುವಾಗ ಬೆಚ್ಚುತ್ತದೆಯೇ? ಸಗಣಿಯಲ್ಲಿ ನುರಿಯದ ಉದ್ದುದ್ದ ಹುಲ್ಲಿನ ಎಳೆಗಳಿವೆಯೇ? ಬಾಯಿಯ ದುರ್ವಾಸನೆ, ರಕ್ತ ಬೆರೆತ ಜೊಲ್ಲು ಕಂಡರೆ ಒಳಗೆ ಹುಣ್ಣಿದೆ ಅಥವಾ ಜಾಲಿಮುಳ್ಳಿನಂಥದೇನೋ ನಾಟಿಕೊಂಡಿದೆ ಎಂದು ಶಂಕಿಸಬೇಕು. ದವಡೆಯ ಮೂಳೆಯ ಮೇಲೆ ಕಲ್ಲಿನಂತೆ ಗಟ್ಟಿಯಾದ, ಒತ್ತಿದರೆ ಸರಿಯದ ಬಾವು ಬಂದರೂ, ನಾಲಿಗೆಯೇ ಮರದಂತೆ ಬಿಗಿದು ಹೊರಚಾಚಿದರೂ ಅದು ಬ್ಯಾಕ್ಟೀರಿಯಾದ ಸೋಂಕಾಗಿರಬಹುದು. ಬರೆ ಹಾಕುವುದರಿಂದ ಇದು ವಾಸಿಯಾಗದು. ನಾಲಿಗೆಯ ಸೋಂಕು ಮೊದಲಲ್ಲೇ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ, ಮೂಳೆಗಿಳಿದದ್ದು ಹಟಮಾರಿ. ಬಾಯಿಯ ಜೊತೆಗೆ ಗೊರಸಿನ ಸಂದಿನಲ್ಲೂ ಹುಣ್ಣು, ಮೈಯಲ್ಲಿ ಜ್ವರ ಇದ್ದರೆ ಕಾಲುಬಾಯಿ ರೋಗದ ಶಂಕೆ; ಆ ದನವನ್ನು ಕೂಡಲೇ ಬೇರೆ ಕಟ್ಟಬೇಕು. ಆರು ತಿಂಗಳಿಗೊಮ್ಮೆ ಹಾಕುವ ಲಸಿಕೆಗೆ 'ಇದು ಮುದಿಯಾಯಿತು' ಎಂದು ಹಳೆಯ ದನವನ್ನು ಬಿಟ್ಟುಬಿಡುವುದು ಸಲ್ಲದು.

ಇನ್ನು ಭಕ್ತರಲ್ಲಿ ನಾವು ಒತ್ತಿ ಹೇಳಬೇಕಾದ ಮಾತೊಂದಿದೆ. ದನ ಜೊಲ್ಲು ಸುರಿಸುತ್ತ, ನುಂಗಲಾರದೆ ಕುತ್ತಿಗೆ ಚಾಚಿ ನಿಂತರೆ 'ಗಂಟಲಿಗೆ ಏನೋ ಸಿಕ್ಕಿದೆ' ಎಂದು ಬರಿಗೈಯನ್ನು ಬಾಯೊಳಕ್ಕೆ ಹಾಕುವುದು ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಉಂಟು. ಹುಚ್ಚುನಾಯಿ ರೋಗ ತಗಲಿದ ದನವೂ ಹೀಗೆಯೇ ತೋರುತ್ತದೆ. ನಾಯಿ ಕಚ್ಚಿದ್ದು ವಾರಗಳ, ತಿಂಗಳುಗಳ ಹಿಂದೆ. ಮನೆಯವರಿಗೆ ನೆನಪೂ ಇರದು. ಕೂಗಿನ ದನಿ ಒಡೆದು ಬದಲಾಗುವುದು, ಹಿಂಗಾಲು ತೂರಾಡುವುದು, ಸುಮ್ಮಸುಮ್ಮನೆ ಹಾಯುವುದು ಇದರ ಲಕ್ಷಣಗಳು. ಜೊಲ್ಲಿನಲ್ಲೇ ರೋಗಾಣು ಇರುವುದರಿಂದ ಕೈಯ ಮೇಲಿನ ಒಂದು ತರಚು ಗಾಯ ಸಾಕು. ಮನುಷ್ಯನಲ್ಲಿ ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗ ಪ್ರಾಣವನ್ನು ಉಳಿಸುವುದಿಲ್ಲವೆಂದೇ ಹೇಳಬೇಕು. ಆದುದರಿಂದ ಕೈ ಹಾಕಬೇಡಿ, ಗೊಟ್ಟದಲ್ಲಿ ಔಷಧಿ ಎರೆಯಬೇಡಿ, ಅದರ ಹಾಲನ್ನು ಬಳಸಬೇಡಿ. ಈಗಾಗಲೇ ಕೈ ಹಾಕಿದ್ದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ನಾಳೆ ನೋಡೋಣವೆನ್ನುವ ರೋಗವಲ್ಲ ಇದು.

ಲವಲವಿಕೆಯಿಂದಿರುವ ದನವನ್ನಾದರೆ ತಿಂಗಳಿಗೊಮ್ಮೆ ಮನೆಯಲ್ಲೇ ಪರೀಕ್ಷಿಸಬಹುದು. ಒಬ್ಬರು ಮೂಗುದಾರ ಹಿಡಿದಿರಲಿ. ಮತ್ತೊಬ್ಬರು ಕೆಳತುಟಿ ಸರಿಸಿ ಮುಂಬಲ್ಲನ್ನೂ ಒಸಡನ್ನೂ ಬ್ಯಾಟರಿ ಬೆಳಕಿನಲ್ಲಿ ನೋಡಲಿ. ದವಡೆ ಹಲ್ಲನ್ನು ಹೊರಗಿನಿಂದಲೇ, ಕೆನ್ನೆಯ ಮೇಲೆ ಅಂಗೈಯಿಂದ ಮೆಲ್ಲಗೆ ಒತ್ತಿ ತಿಳಿಯಬೇಕು. ನೋವಿದ್ದರೆ ದನ ತಲೆ ಕೊಡವುತ್ತದೆ. ಅಲುಗಾಡುವ ಹಲ್ಲನ್ನು ಇಕ್ಕಳ ಹಾಕಿ ಕೀಳುವ ಸಾಹಸ ಬೇಡ. ಪಶುವೈದ್ಯರು ಮಂಪರು ಬರಿಸಿ ಮಾಡಬೇಕಾದ ಕೆಲಸವದು. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ಸೇವೆ ದೊರೆಯುತ್ತದೆ.

ಹಲ್ಲು ಹೋದ ದನವೂ ಮೇವನ್ನು ಹದ ಮಾಡಿಕೊಟ್ಟರೆ ವರ್ಷಗಳ ಕಾಲ ಬಾಳುತ್ತದೆ. ರಾಗಿಹುಲ್ಲನ್ನು ಸಣ್ಣಗೆ ಕತ್ತರಿಸಿ, ನೀರು ಚಿಮುಕಿಸಿ ಮೆತ್ತಗಾದ ಮೇಲೆ ಹಾಕಬೇಕು. ಕೊಬ್ಬರಿ ಹಿಂಡಿ ಅಥವಾ ಕಡಲೆಕಾಯಿ ಹಿಂಡಿಯನ್ನು ನೆನೆಸಿ ಬೂಸಾದೊಡನೆ ಕಲಸಿ ಕೊಡಬಹುದು. ಕರುಣೆಯಿಂದ ಒಮ್ಮೆಲೇ ಬಕೆಟ್ ತುಂಬ ರಾಗಿ ಅಂಬಲಿಯನ್ನೋ ಅನ್ನವನ್ನೋ ಇಡುವವರಿದ್ದಾರೆ. ಅದರಿಂದ ಹೊಟ್ಟೆಯಲ್ಲಿ ಆಮ್ಲ ಏರಿ ದನ ಮಲಗಿಬಿಡುತ್ತದೆ. ಸ್ವಲ್ಪಸ್ವಲ್ಪವಾಗಿ, ದಿನಕ್ಕೆ ನಾಲ್ಕು ಸಲ ಕೊಟ್ಟರೆ ಚೆನ್ನ. ಬೇರೆ ದನಗಳ ಪಕ್ಕದಲ್ಲಿ ಕಟ್ಟಿದರೆ ಅವು ಇದರ ಪಾಲನ್ನು ಮೊದಲೇ ಮುಗಿಸುತ್ತವೆ, ಆದ್ದರಿಂದ ಗೋದಲಿ ಬೇರೆಯಿರಲಿ. ಮಾಗಿಯ ಚಳಿಯಲ್ಲಿ ಕುಡಿಯುವ ನೀರನ್ನು ಉಗುರುಬೆಚ್ಚಗೆ ಮಾಡಿಟ್ಟರೆ, ನೋವಿನ ಹಲ್ಲಿನ ದನವೂ ಮುಖ ತಿರುಗಿಸದೆ ಕುಡಿಯುತ್ತದೆ.