ಮನೆ ಮಾರುವಾಗ ದಲಾಲ ಯಾರ ಮನುಷ್ಯ?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ‘ಮನೆ ಮಾರಿ ನೋಡು’ ಎಂದು ಹೇಳಲಿಲ್ಲ. ಆಗ ಮನೆ ಮಾರುವುದೆಂದರೆ ಮನೆತನ ದಿವಾಳಿ ಎದ್ದಂತೆ. ಈಗ ಕಾಲ ಬದಲಾಗಿದೆ. ಚಿಕ್ಕೋಡಿ ತಾಲೂಕಿನ ನಮ್ಮ ಕರೋಶಿಯಂಥ ಊರುಗಳಲ್ಲಿ ಓದಿದ ಮಕ್ಕಳು ಬೆಳಗಾವಿ, ಕೊಲ್ಲಾಪುರ, ಪುಣೆ ಸೇರುತ್ತಾರೆ. ಮುಪ್ಪಿನ ತಂದೆತಾಯಿಯೂ ಅವರ ಹಿಂದೆ ಹೋಗುತ್ತಾರೆ. ಕೀಲಿ ಬಿದ್ದ ಮನೆಯ ಮಾಳಿಗೆ ಮಳೆಗಾಲಕ್ಕೊಮ್ಮೆ ಸೋರುತ್ತದೆ. ಕೊನೆಗೆ ‘ಮಾರಿಬಿಡೋಣ’ ಎಂಬ ಮಾತು ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ಯಾರ ಕೈಯಿಂದ ಮಾರಿಸುವುದು?

ಬೆಂಗಳೂರಿನಲ್ಲಿ ಮನೆ ಮಾರಿಸಿ ಕೊಡುವವರಿಗೆ ಕಚೇರಿ ಇರುತ್ತದೆ, ಬೋರ್ಡು ಇರುತ್ತದೆ. ನಮ್ಮಲ್ಲಿ ದಲಾಲನ ಕಚೇರಿ ಎಂದರೆ ಚಹಾದ ಅಂಗಡಿ. ಬೆಳಿಗ್ಗೆ ಹೊಲದ ಮಾತು, ಮಧ್ಯಾಹ್ನ ಹಳೆಯ ಟ್ರ್ಯಾಕ್ಟರ್, ಸಂಜೆ ಮನೆಯ ಜಾಗ, ಎಲ್ಲ ಒಬ್ಬನೇ ಮಾತಾಡುತ್ತಾನೆ. ಇದರಲ್ಲಿ ತಪ್ಪೇನಿಲ್ಲ. ಕೊಳ್ಳುವವನನ್ನು ಹುಡುಕಿ ತರುವುದೂ ದುಡಿಮೆಯೇ. ಆದರೆ ಒಂದು ಜನ್ಮದ ಗಳಿಕೆಯನ್ನು ಅವನ ಕೈಗೆ ಒಪ್ಪಿಸುವ ಮೊದಲು ಅವನು ಯಾರ ಮನುಷ್ಯ ಎಂದು ತಿಳಿಯುವುದು ಜಾಣತನ.

ಮೊದಲು ಲೆಕ್ಕ

ದಲಾಲಿಗೆ ಎಲ್ಲ ಕಡೆ ಒಂದೇ ದರವಿಲ್ಲ. ಶೇಕಡಾ ಎರಡು ಎಂದಿಟ್ಟುಕೊಳ್ಳೋಣ. ನಿಮ್ಮ ಮನೆಗೆ ಇವತ್ತು 19 ಲಕ್ಷಕ್ಕೆ ಗಿರಾಕಿ ಇದ್ದಾನೆ. ಎರಡು ತಿಂಗಳು ತಾಳಿದರೆ 20 ಲಕ್ಷ ಬರಬಹುದು. ಇವತ್ತೇ ಮಾರಿದರೆ ದಲಾಲನಿಗೆ 38,000 ರೂಪಾಯಿ, ತಾಳಿದರೆ 40,000. ಎರಡು ತಿಂಗಳ ಓಡಾಟಕ್ಕೆ ಅವನಿಗೆ ಸಿಗುವುದು 2,000. ನಿಮಗೆ ಸಿಗುವುದು 98,000. ‘ಇಂಥಾ ಗಿರಾಕಿ ಮತ್ತ ಸಿಗಂಗಿಲ್ರಿ ಕಾಕಾ, ಕೊಟ್ಟಬಿಡ್ರಿ’ ಎಂದು ಅವನು ಅವಸರ ಮಾಡಿದರೆ ಆಶ್ಚರ್ಯವೇನು?

ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರು, ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್, ಇದನ್ನೇ ಪರೀಕ್ಷೆಗೆ ಒಡ್ಡಿದರು. ಶಿಕಾಗೊ ಸುತ್ತಲಿನ ಸುಮಾರು ಒಂದು ಲಕ್ಷ ಮನೆಗಳ ಮಾರಾಟವನ್ನು ತೂಗಿ ನೋಡಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಸುಮಾರು ಒಂಬತ್ತೂವರೆ ದಿನ ಹೆಚ್ಚು ಕಾಯ್ದಿದ್ದರು, ಸುಮಾರು ಶೇಕಡಾ 3.7ರಷ್ಟು ಹೆಚ್ಚು ಬೆಲೆ ಪಡೆದಿದ್ದರು. ಪರರ ಮನೆಗೆ ಆ ತಾಳ್ಮೆ ಇರಲಿಲ್ಲ. ಶಿಕಾಗೊದವರಾಗಲಿ ನಮ್ಮೂರವರಾಗಲಿ, ಮನುಷ್ಯ ಸ್ವಭಾವ ಒಂದೇ. ಆದ್ದರಿಂದ ಅವಸರ ಮಾಡುವವನಿಗೆ ನೀವು ಕೇಳಬೇಕಾದುದು ಇಷ್ಟೇ: ‘ಇದು ನಿನ್ನ ಮನಿ ಆಗಿದ್ರ ಇವತ್ತ ಕೊಡತಿದ್ದೇನಪಾ?’

ಟವೆಲಿನ ಕೆಳಗಿನ ಬೆರಳು

ದನದ ಪೇಟೆಯಲ್ಲಿ ದಲಾಲರು ಟವೆಲಿನ ಕೆಳಗೆ ಬೆರಳು ಹಿಡಿದು ದರ ಮಾತಾಡುವುದನ್ನು ಓದುಗರು ನೋಡಿರಬಹುದು. ಸುತ್ತ ನಿಂತವರಿಗೆ ದರ ತಿಳಿಯಬಾರದೆಂಬುದು ಅದರ ಉದ್ದೇಶ. ಮನೆಯ ವ್ಯವಹಾರದಲ್ಲಿ ಮಾಲೀಕನಿಗೇ ದರ ತಿಳಿಯದಂತೆ ಮಾಡುವವರಿದ್ದಾರೆ. ‘ನಿಮಗ ಹದಿನೆಂಟ ಲಕ್ಷ ಎಣಿಸಿ ಕೊಡ್ತೀನ್ರಿ, ಮ್ಯಾಲಿಂದು ನಂದು’ ಎಂಬ ಮಾತು ಕೇಳಲು ಸರಳ. ಕೊಳ್ಳುವವನು 21 ಲಕ್ಷ ಕೊಟ್ಟನೆನ್ನಿ. ನಡುವೆ ಹೋದದ್ದು ಮೂರು ಲಕ್ಷ. ಶೇಕಡಾ ಎರಡರ ಲೆಕ್ಕದಲ್ಲಿ 42,000 ಆಗಬೇಕಿದ್ದ ದಲಾಲಿ ಏಳು ಪಟ್ಟು ದಾಟಿತು.

ಕಾನೂನು ಈ ಬಗ್ಗೆ ಸುಮ್ಮನಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಏಜೆಂಟ ತನ್ನ ಯಜಮಾನನಿಗೆ ಲೆಕ್ಕ ಒಪ್ಪಿಸಬೇಕು. ಮಾರಲು ಕೊಟ್ಟ ಆಸ್ತಿಯನ್ನು ಬೇರೆಯವರ ಹೆಸರಿನಲ್ಲಿ ತಾನೇ ಕೊಂಡು, ಮುಖ್ಯ ಸಂಗತಿಯನ್ನು ಮೋಸದಿಂದ ಮುಚ್ಚಿಟ್ಟಿದ್ದರೆ ಅಥವಾ ಯಜಮಾನನಿಗೆ ಅದರಿಂದ ನಷ್ಟವಾಗಿದ್ದರೆ, ಆ ಮಾರಾಟವನ್ನು ಯಜಮಾನ ತಿರಸ್ಕರಿಸಬಹುದು ಎನ್ನುತ್ತದೆ 215ನೆಯ ಕಲಮು. ಹೇಳದೆ ಮಾಡಿಕೊಂಡ ಲಾಭವನ್ನು ಕೇಳಿ ಪಡೆಯುವ ಹಕ್ಕು 216ರಲ್ಲಿದೆ. ಆದರೆ ‘ಮ್ಯಾಲಿಂದು ನಿಂದ’ ಎಂದು ನೀವೇ ಒಪ್ಪಿದ ಮೇಲೆ ಈ ಹಕ್ಕು ಸಾಧಿಸುವುದು ಕಷ್ಟ. ಆದ್ದರಿಂದ ದಲಾಲಿ ಶೇಕಡಾ ಇಷ್ಟು, ಅಥವಾ ಇಂತಿಷ್ಟು ರೂಪಾಯಿ, ಎಂದು ಮೊದಲೇ ಕಾಗದದ ಮೇಲೆ ಬರೆಯಿರಿ. ಕೊಳ್ಳುವವನಿಂದಲೂ ದಲಾಲಿ ತೆಗೆದುಕೊಳ್ಳುತ್ತಾನೆಯೇ ಎಂದು ನೇರವಾಗಿ ಕೇಳಿ. ಎರಡೂ ಕಡೆ ತೆಗೆದುಕೊಳ್ಳುವವನು ಕೆಟ್ಟವನೆಂದಲ್ಲ. ಆದರೆ ಅವನು ನಿಮ್ಮೊಬ್ಬರ ಮನುಷ್ಯನಲ್ಲ ಎಂಬುದು ನಿಮಗೆ ಗೊತ್ತಿರಲಿ.

ಅವನು ಕೇಳುವ ಪ್ರಶ್ನೆಗಳೇ ಪರೀಕ್ಷೆ

ಮೂವರು ದಲಾಲರನ್ನು ಕರೆದು ಮನೆ ತೋರಿಸಿ. ಯಾರು ಹೆಚ್ಚು ಬೆಲೆ ಹೇಳಿದರೆಂದು ನೋಡಬೇಡಿ. ದೊಡ್ಡ ಬೆಲೆ ಹೇಳಿ ಮನೆಯನ್ನು ತನ್ನ ಕೈಗೆ ತೆಗೆದುಕೊಂಡು, ಆಮೇಲೆ ತಿಂಗಳಿಗಿಷ್ಟರಂತೆ ಇಳಿಸುತ್ತ ಬರುವುದು ಹಳೆಯ ಚಾಳಿ. ಯಾರು ಹೆಚ್ಚು ಪ್ರಶ್ನೆ ಕೇಳಿದರೆಂದು ನೋಡಿ.

ತಿಳಿದವನು ಮೊದಲು ‘ಉತಾರ ಯಾರ ಹೆಸರಿಗೈತ್ರಿ?’ ಎನ್ನುತ್ತಾನೆ. ಗ್ರಾಮ ಪಂಚಾಯ್ತಿಯ ಇ-ಸ್ವತ್ತು ನಮೂನೆ 9 ಮತ್ತು 11 ಕೈಯಲ್ಲಿವೆಯೇ, ತೀರಿಹೋದ ತಂದೆಯ ಹೆಸರು ಇನ್ನೂ ಹಾಗೇ ಇದೆಯೇ, ಸೊಸೈಟಿ ಅಥವಾ ಬ್ಯಾಂಕಿನ ಸಾಲದ ಬೋಜಾ ಕೂತಿದೆಯೇ ಎಂದು ವಿಚಾರಿಸುತ್ತಾನೆ. ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ ತೆಗೆಸಿರಿ ಎನ್ನುತ್ತಾನೆ.

ಎಲ್ಲಕ್ಕಿಂತ ಮುಖ್ಯವಾಗಿ ‘ಅಕ್ಕ-ತಂಗಿಯರ ಒಪ್ಪಿಗಿ ಐತೇನ್ರಿ?’ ಎಂದು ಕೇಳುತ್ತಾನೆ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ತೀರ್ಪು ನೀಡಿದೆ. ಅಣ್ಣತಮ್ಮಂದಿರಷ್ಟೇ ಸಹಿ ಹಾಕಿ ಮಾರಿದ ಮನೆ ನಾಳೆ ನ್ಯಾಯಾಲಯದ ಮೆಟ್ಟಿಲು ಹತ್ತಬಹುದು. ‘ಅದೆಲ್ಲಾ ಆಮ್ಯಾಲೆ ನೋಡೋಣ್ರಿ’ ಎನ್ನುವ ದಲಾಲನಿಗೆ ದಲಾಲಿ ಸಿಕ್ಕರೆ ಕೆಲಸ ಮುಗಿಯಿತು. ಆಮೇಲಿನದನ್ನು ನೋಡಬೇಕಾದವರು ನೀವು.

ಇನ್ನೊಂದು ಪರೀಕ್ಷೆಯೂ ಇದೆ. ಅವನು ಹಿಂದೆ ಮಾರಿಸಿದ ಎರಡು ಮನೆಗಳ ವಿವರ ಕೇಳಿ. ಮಾರಿದವರನ್ನೂ ಕೊಂಡವರನ್ನೂ ಬೇರೆ ಬೇರೆಯಾಗಿ ಮಾತಾಡಿಸಿ. ಇಬ್ಬರೂ ಒಂದೇ ಬೆಲೆ ಹೇಳಿದರೆ ಮನುಷ್ಯ ನಂಬಿಕಸ್ಥ.

ಸಹಿಗೆ ಮೊದಲು

‘ನೀವು ಪುಣೆಯಿಂದ ಯಾಕ ಓಡ್ಯಾಡತೀರಿ? ನನ್ನ ಹೆಸರಿಗೆ ಒಂದು ವಟಮುಖತ್ಯಾರ ಪತ್ರ ಮಾಡಿಕೊಡ್ರಿ’ ಎಂಬ ಸಲಹೆ ಬಂದರೆ ಎಚ್ಚರ. ಅದು ನಿಮ್ಮ ಕೈಯನ್ನೇ ಕಡಿದು ಕೊಟ್ಟಂತೆ. ಅಂಥ ಪತ್ರದ ಮೂಲಕ ನಡೆಯುವ ‘ಮಾರಾಟ’ದಿಂದ ಮಾಲೀಕತ್ವ ವರ್ಗವಾಗುವುದಿಲ್ಲ, ನೋಂದಾಯಿತ ಖರೀದಿ ಪತ್ರವೇ ಬೇಕು ಎಂದು ಸುಪ್ರೀಂ ಕೋರ್ಟು 2011ರ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿದೆ. ಖರೀದಿ ಪತ್ರಕ್ಕೆ ನೀವೇ ಬಂದು ಸಹಿ ಹಾಕಿ. ಬರಲು ಆಗದಿದ್ದರೆ ಮುಖತ್ಯಾರ ಪತ್ರ ಮನೆಯ ನಂಬಿಕೆಯವರ ಹೆಸರಿಗಿರಲಿ, ದಲಾಲನ ಹೆಸರಿಗೆ ಬೇಡ. ಮೂಲ ಕಾಗದಗಳನ್ನೂ ಕೊಡಬೇಡಿ. ಝೆರಾಕ್ಸ್ ಪ್ರತಿ ಸಾಕು.

ಸಂಚಕಾರದ ಹಣ ದಲಾಲನ ಕೈಯಿಂದ ಬರಬಾರದು. ಕೊಳ್ಳುವವನ ಖಾತೆಯಿಂದ ನೇರ ನಿಮ್ಮ ಖಾತೆಗೆ ಬರಲಿ. ಸ್ಥಿರಾಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಹೆಚ್ಚಿನ ಹಣವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರ ಜೂನ್ 1ರಿಂದ ನಿಷೇಧಿಸಿದೆ.

‘ನನ್ನ ಹತ್ತರ ರೇರಾ ನಂಬರ ಐತಿ’ ಎಂದು ಪಟ್ಟಣದ ಏಜೆಂಟ ಹೇಳಬಹುದು. ಒಳ್ಳೆಯದೇ. ಆದರೆ 2016ರ ಆ ಕಾಯ್ದೆ ಏಜೆಂಟರಿಗೆ ನೋಂದಣಿ ಕಡ್ಡಾಯ ಮಾಡಿದ್ದು, ರೇರಾದಲ್ಲಿ ನೋಂದಾಯಿಸಬೇಕಾದ ಬಡಾವಣೆ, ಕಟ್ಟಡಗಳಂಥ ಯೋಜನೆಗಳ ಮಾರಾಟಕ್ಕೆ. ಊರೊಳಗಿನ ಅಜ್ಜನ ಕಾಲದ ಮನೆ ಅದರಲ್ಲಿ ಬರುವುದಿಲ್ಲ. ಇಲ್ಲಿ ನಿಮ್ಮನ್ನು ಕಾಯುವುದು ನೀವು ಬರೆಸಿಕೊಂಡ ಕಾಗದವೇ.

ಆ ಕಾಗದ ಉದ್ದ ಇರಬೇಕಿಲ್ಲ. ಮನೆಯ ವಿವರ, ಇದಕ್ಕಿಂತ ಕಡಿಮೆಗೆ ಮಾರಬಾರದೆಂಬ ಬೆಲೆ, ದಲಾಲಿ ಎಷ್ಟು, ಮೂರು ತಿಂಗಳ ಅವಧಿ, ಬಂದ ಪ್ರತಿ ಗಿರಾಕಿಯ ದರವನ್ನೂ ತಿಳಿಸಬೇಕೆಂಬ ಮಾತು, ಖರೀದಿ ಪತ್ರ ನೋಂದಣಿಯಾದ ದಿನವೇ ದಲಾಲಿ ಎಂಬ ಷರತ್ತು, ಇಬ್ಬರ ಸಹಿ. ನಿಮ್ಮ ಕಡೆ ನಿಂತು ದುಡಿಯುವವನು ಇದಕ್ಕೆ ಸಹಿ ಹಾಕಲು ಹಿಂದೆಮುಂದೆ ನೋಡುವುದಿಲ್ಲ. ‘ನಮ್ಮ ನಿಮ್ಮೊಳಗ ಕಾಗದ ಯಾಕ್ರಿ ಕಾಕಾ?’ ಎನ್ನುವವನಿಗೆ ಒಂದು ಕಪ್ಪು ಚಹಾ ಕುಡಿಸಿ ಕಳಿಸಿಬಿಡಿ.